ಎಪಿಎಲ್ ಕಾರ್ಡ್ ಇರುವ ತಂದೆಗೆ ಸ್ಟೆಂಟ್: ಕೈಯಿಂದ ಕಟ್ಟಬೇಕಾದುದೆಷ್ಟು?

ಸಮಸ್ಯೆ: ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ವ್ಯಾಪಾರದಲ್ಲಿದ್ದ ತಂದೆಗೆ 72 ವರ್ಷ; ಸ್ಟೆಂಟ್ ಹಾಕಿಸಬೇಕಂತೆ. ಎಪಿಎಲ್ ಕಾರ್ಡಿಗೆ ಎಷ್ಟು ಸಿಗುತ್ತದೆ?

ಪರಿಹಾರ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತವಾದರೂ, ಎಪಿಎಲ್ ಕುಟುಂಬಕ್ಕೆ ಸರ್ಕಾರ ಭರಿಸುವುದು ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಮೊದಲೇ ನಿಗದಿಯಾದ ಮೊತ್ತದ, ಶೇ 30ರಷ್ಟನ್ನು ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ದರ 1 ಲಕ್ಷವಿದ್ದರೆ 70 ಸಾವಿರ ತಮ್ಮ ಪಾಲಿಗೆ ಉಳಿಯುತ್ತದೆ. 70 ದಾಟಿದವರಿಗೆ ಆದಾಯ ಲೆಕ್ಕಿಸದೆ 5 ಲಕ್ಷದ ರಕ್ಷಣೆ ನೀಡುವ ಕೇಂದ್ರದ ವಯ ವಂದನಾ ಕಾರ್ಡಿಗೆ 2024ರ ಅಕ್ಟೋಬರ್ 29ರಂದು ಚಾಲನೆ ದೊರೆತಿದ್ದು, ತಾವು ಆಯ್ದ ಆಸ್ಪತ್ರೆಯಲ್ಲಿ ಅದು ಸಲ್ಲುವುದೇ ಎಂಬುದನ್ನು ಮುಂಗಡ ಕಟ್ಟುವ ಮುನ್ನವೇ ಅಲ್ಲಿನ ಆರೋಗ್ಯಮಿತ್ರರಿಂದ, ಎಂದರೆ ಯೋಜನೆಯ ಸಹಾಯಕ ಸಿಬ್ಬಂದಿಯಿಂದ, ಖಚಿತಪಡಿಸಿಕೊಳ್ಳಬೇಕು.

ತುರ್ತಲ್ಲದಿದ್ದರೆ ಚಿಕ್ಕಬಳ್ಳಾಪುರ ಜಿಲ್ಲಾಸ್ಪತ್ರೆಯ ರೆಫರಲ್ ಪತ್ರ, ಆಧಾರ್ ಮತ್ತು ಪಡಿತರ ಚೀಟಿಯೊಡನೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಹೋಗುವುದು ಮೇಲು. ದಾಖಲಾಗುವ ಮೊದಲೇ ತಮ್ಮ ಪಾಲಿನ ಲೆಕ್ಕವನ್ನು ಲಿಖಿತವಾಗಿ ಪಡೆಯುವುದನ್ನು ಮರೆಯಬಾರದು. ಹೊರರೋಗಿ ತಪಾಸಣೆಯೂ ಮುಂದೆ ತಿಂಗಳುಗಟ್ಟಲೆ ನುಂಗಬೇಕಾದ ಮಾತ್ರೆಗಳೂ ಯೋಜನೆಯ ಹೊರಗಿರುವುದರಿಂದ, ಜನೌಷಧಿ ಕೇಂದ್ರದಲ್ಲಿ ಕೊಂಡರೆ ಹೊರೆ ತಗ್ಗುತ್ತದೆ. ಆದರೆ ದುಬಾರಿಯೆಂದು ಹೃದ್ರೋಗ ತಜ್ಞರನ್ನು ಕೇಳದೆ ಮಾತ್ರೆ ನಿಲ್ಲಿಸಿದರೆ ಸ್ಟೆಂಟ್ ಕಟ್ಟಿಕೊಳ್ಳುವ ಅಪಾಯವಿದೆ. ಎದೆನೋವು ತೋಳಿಗೆ ಹರಡಿ ಮೈ ಬೆವೆತರೆ ರೆಫರಲ್‌ಗೆ ಕಾಯದೆ ಕೂಡಲೇ 108ಕ್ಕೆ ಕರೆ ಮಾಡಬೇಕು.