ಪೆಟ್ಟಿಗೆಯ ಕಾಗದ, ಮಾಡಿನ ಹಂಚು

ನನ್ನ ಬದುಕಿನ ಅತಿ ದುಬಾರಿ ಖರ್ಚು 60 ರೂಪಾಯಿಯದ್ದು. ಬಾಯಾರಿನ ನಮ್ಮ ತರವಾಡು ಮನೆಯ ಉಪ್ಪರಿಗೆಯಲ್ಲಿ ಹಲಸಿನ ಮರದ ಒಂದು ಪೆಟ್ಟಿಗೆ ಇದೆ. ಅದರಲ್ಲಿದ್ದ 1938ರ ಪಾಲುಪಟ್ಟಿ ಜೋಪಾನವಾಗಿರಲಿ ಎಂದು ಪೇಟೆಗೆ ಒಯ್ದು ಲ್ಯಾಮಿನೇಷನ್ ಮಾಡಿಸಿ ತಂದೆ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಪ್ಲಾಸ್ಟಿಕ್ಕಿನ ಅಂಚಿನಿಂದ ತೇವ ನುಗ್ಗಿ, ಕಪ್ಪು ಅಕ್ಷರಗಳು ಕಂದಾಗಿ ಹಬ್ಬಿದವು. ಬಿಸಿಯಲ್ಲಿ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದ ಹರಿಯದಂತೆ ಬಿಡಿಸುವುದು ಹೆಚ್ಚುಕಡಿಮೆ ಆಗದ ಕೆಲಸ. 80 ವರ್ಷ ಒರಲೆಯಿಂದ ತಪ್ಪಿಸಿಕೊಂಡ ಕಾಗದ ನನ್ನ ಕಾಳಜಿಗೆ ಸಿಕ್ಕಿ ಹಾಳಾಯಿತು.

ಪುಣ್ಯಕ್ಕೆ ಅದು ರಿಜಿಸ್ಟರ್ ಆದ ಪತ್ರ. 1908ರ ನೋಂದಣಿ ಕಾಯಿದೆಯ ಪ್ರಕಾರ ಸ್ಥಿರಾಸ್ತಿಯ ದಸ್ತಾವೇಜುಗಳ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯ ಒಂದನೇ ಪುಸ್ತಕದಲ್ಲಿ ಇರುತ್ತದೆ. ಶುಲ್ಕ ಕಟ್ಟಿದರೆ ದೃಢೀಕೃತ ಪ್ರತಿ ಸಿಗುತ್ತದೆ. ಸಿಕ್ಕಿತು ಕೂಡ. ಆದರೆ ಕನ್ನಡ ಬಾರದ ಬ್ಯಾಂಕಿನ ವಕೀಲರಿಗಾಗಿ ಅದನ್ನು ಮಲಯಾಳಕ್ಕೆ ಅನುವಾದ ಮಾಡಿಸಲು ಮತ್ತೆ ದುಡ್ಡು ಬಿಚ್ಚಬೇಕಾಯಿತು. 1956ರ ನವೆಂಬರ್ 1ಕ್ಕೆ ನಾವು ಕೇರಳದವರಾದೆವು. ಪೆಟ್ಟಿಗೆಯೊಳಗಿನ ಕಾಗದಗಳು ಮಾತ್ರ ಇನ್ನೂ ಮದ್ರಾಸಿನ ದಕ್ಷಿಣ ಕನ್ನಡದಲ್ಲೇ ಇವೆ.

ಆ ಓಡಾಟದಲ್ಲಿ ನನಗೆ ತಿಳಿದದ್ದು ಇಷ್ಟು: ನಾವು ಕಾಯಬೇಕಾದದ್ದು ಮುದ್ರೆ ಬಿದ್ದ ದೊಡ್ಡ ಪತ್ರಗಳನ್ನಲ್ಲ, ಅವುಗಳಿಗೆ ಕಚೇರಿಯಲ್ಲಿ ಜೋಡಿ ಇದೆ. ಜೋಡಿ ಇಲ್ಲದವು ಚಿಲ್ಲರೆ ಕಾಗದಗಳು: ಗೇಣಿ ಚೀಟು, ತೀರ್ವೆ ರಶೀದಿ, ಅಣ್ಣತಮ್ಮಂದಿರು ಜಗಲಿಯಲ್ಲಿ ಕೂತು ಬರೆದು ಸಹಿ ಹಾಕಿದ ಕರಾರು.

ನಮ್ಮಲ್ಲಿ ಅಂಥದ್ದೊಂದು ಇದೆ. ಬಾಯಾರು ಎಂದರೆ ಸುರಂಗಗಳ ಊರು. ಗುಡ್ಡ ಕೊರೆದು ತಂದ ನೀರಿನಿಂದಲೇ ಅಡಿಕೆ ತೋಟ ಎದ್ದದ್ದು. ಸುರಂಗದ ನೀರು ಮೇಲಿನ ತೋಟಕ್ಕೆ ಮೂರು ದಿನ, ಕೆಳಗಿನ ತೋಟಕ್ಕೆ ಎರಡು ದಿನ ಎಂದು ಅಂಗೈಯಗಲದ ಚೀಟಿಯಲ್ಲಿ ಅಜ್ಜಂದಿರಿಬ್ಬರೂ ಸಹಿ ಮಾಡಿದ್ದಾರೆ. ಕೆಳಗಿನ ತೋಟ ಮಾರಾಟಕ್ಕೆ ಬಂದಾಗ ನೀರಿನ ತಕರಾರು ಎದ್ದಿತು. ಈ ಚೀಟಿ ಮೇಜಿನ ಮೇಲೆ ಬಂದದ್ದೇ ಮಾತು ತಣ್ಣಗಾಯಿತು. ಕೋರ್ಟಿಗೆ ಹೋಗಿದ್ದರೆ ವಕೀಲರ ಫೀಸಿಗೆ ಆ ವರ್ಷದ ಅಡಿಕೆ ಸಾಲುತ್ತಿರಲಿಲ್ಲ.

ಕಾನೂನಿಗೂ ಇಂಥ ಹಳೆಯ ಕಾಗದದ ಮೇಲೆ ಒಂದಿಷ್ಟು ಮರ್ಯಾದೆ ಇದೆ. 30 ವರ್ಷ ದಾಟಿದ ದಸ್ತಾವೇಜು, ಅದು ಸಹಜವಾಗಿ ಇರಬೇಕಾದ ಕಡೆಯಿಂದ ಬಂದರೆ, ಸಹಿ ಮತ್ತು ಬರಹ ಅಸಲಿ ಎಂದು ನ್ಯಾಯಾಲಯ ಭಾವಿಸಬಹುದು. ಹಳೆಯ ಸಾಕ್ಷ್ಯ ಕಾಯಿದೆಯ 90ನೇ ಕಲಮು ಇದನ್ನು ಹೇಳುತ್ತಿತ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 92ನೆಯದು ಹೇಳುತ್ತದೆ. ಅಂದರೆ ಕಾಗದ ಎಲ್ಲಿತ್ತು, ಯಾರ ಕೈಯಲ್ಲಿತ್ತು ಎಂಬುದಕ್ಕೂ ಬೆಲೆ ಇದೆ. ಮನೆಯನ್ನು ಕೆಡವಿ, ಕಾಗದಗಳನ್ನು ಐದು ಜನ ಐದು ಊರಿಗೆ ಹಂಚಿಕೊಂಡು ಹೋದರೆ ಆ ಬೆಲೆ ಸವೆಯುತ್ತದೆ.

ಬ್ಯಾಂಕ್ ಲಾಕರಿನಲ್ಲಿ ಇಡೋಣ ಎಂದ ಬೆಂಗಳೂರಿನ ತಮ್ಮ. 2022ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ ಬೆಂಕಿ, ಕಳವು, ಸಿಬ್ಬಂದಿಯ ಮೋಸವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟು. ಬಾಡಿಗೆ 2,000 ಇದ್ದರೆ 2 ಲಕ್ಷ. ನೆರೆ, ಸಿಡಿಲಿಗೆ ಏನೂ ಇಲ್ಲ. ಇನ್ನು ಮನೆಯ ವಿಮೆ. 2021ರ ಏಪ್ರಿಲ್‌ನಲ್ಲಿ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿಯನ್ನು ಕನ್ನಡಕ ಹಾಕಿಕೊಂಡು ಓದಿದೆ. ವಿಶೇಷವಾಗಿ ಬರೆಸದ ಹೊರತು ಹಸ್ತಪ್ರತಿ, ದಸ್ತಾವೇಜುಗಳಿಗೆ ಪರಿಹಾರವಿಲ್ಲ. ಚಾವಡಿಯ ಕಂಬಕ್ಕೆ ವಿಮೆ ಉಂಟು, ಆ ಕಂಬ ನಮ್ಮದು ಎನ್ನುವ ಕಾಗದಕ್ಕೆ ಇಲ್ಲ.

ಹಾಗಾಗಿ ದುಡ್ಡು ಹಾಕಿದ್ದು ಮಾಡಿಗೆ. ಮಾಡು ಸೋರಿದರೆ ಪೆಟ್ಟಿಗೆಯೂ ಇಲ್ಲ, ಚೀಟಿಯೂ ಇಲ್ಲ. ಐದು ಪಾಲುದಾರರು ತಿಂಗಳಿಗೆ 1,500ರಂತೆ ಜಂಟಿ ಖಾತೆಗೆ ಹಾಕುತ್ತೇವೆ, ವರ್ಷಕ್ಕೆ 90,000. ಪತ್ತನಾಜೆಗೆ ಮೊದಲು ಹಂಚು ಕೈಯಾಡಿಸುವುದು, ಒಡೆದದ್ದನ್ನು ಬದಲಿಸುವುದು, ಕುಂಬಾದ ಪಕಾಸು, ರೀಪು ತೆಗೆಯುವುದು, ಎಲ್ಲವೂ ಇದರಲ್ಲೇ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಇಟ್ಟರು. ಅವರ ಮುದ್ರೆಯ ಹಂಚುಗಳು ನಮ್ಮ ಮಾಡಿನ ಪಡುಬದಿಯಲ್ಲಿ ಈಗಲೂ ಇವೆ. ಹಳೆ ಸಾಮಾನಿನ ವ್ಯಾಪಾರಿಯೊಬ್ಬ ಹಂಚು, ಬಾಗಿಲು, ಕಂಬ ಸೇರಿಸಿ ಒಂದು ಮೊತ್ತ ಹೇಳಿದ. ನಮ್ಮ ಎರಡು ವರ್ಷದ ನಿಧಿಗಿಂತ ಹೆಚ್ಚು. ಒಬ್ಬಿಬ್ಬರ ಮನಸ್ಸು ಅಲುಗಿದ್ದೂ ನಿಜ. ಮಂಜೇಶ್ವರದ ಗೋವಿಂದ ಪೈಗಳ ಮನೆ ಸ್ಮಾರಕವಾಗಿ ಉಳಿಯಿತು, ರಾಷ್ಟ್ರಕವಿಯ ಮನೆಗೆ ಸಮಿತಿ, ಸರ್ಕಾರ ಬರುತ್ತವೆ. ಅಡಿಕೆ ಕೃಷಿಕನ ಮನೆಗೆ ಬರುವುದು ಒರಲೆ ಮತ್ತು ವ್ಯಾಪಾರಿ.

ಈಗ ಕಾಗದಗಳು ಗಂಜಿ ತೊಳೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿಕೊಂಡಿವೆ. ಅಂಟುಪಟ್ಟಿ ಇಲ್ಲ, ಪಿನ್ನಿಲ್ಲ, ರಬ್ಬರ್ ಬ್ಯಾಂಡಿಲ್ಲ. ಪೆಟ್ಟಿಗೆ ಗೋಡೆಯಿಂದ ಒಂದು ಅಡಿ ಈಚೆ, ಮಣೆಯ ಮೇಲೆ. ಪ್ರತಿಯೊಂದರ ಚಿತ್ರ ಐವರ ಬಳಿಯೂ ಇದೆ.

ಆದರೆ ಆ ಕೈಬರಹ ಓದಬಲ್ಲವರು ಮನೆಯಲ್ಲಿ 84 ವರ್ಷದ ಅತ್ತೆ ಒಬ್ಬರೇ. ಕಳೆದ ರಜೆಯಲ್ಲಿ ಅವರು ಪಾಲುಪಟ್ಟಿಯ ದೃಢೀಕೃತ ಪ್ರತಿ ಹಿಡಿದು ಓದುತ್ತಾ ಹೋದರು, ನಾನು ಫೋನಿನಲ್ಲಿ ಧ್ವನಿ ಹಿಡಿದುಕೊಂಡೆ. ಗದ್ದೆ, ತೋಟ, ಕುಮ್ಕಿ ದಾಟಿ ಮರಗಳ ಪಟ್ಟಿಗೆ ಬಂದಾಗ ಅತ್ತೆ ಕನ್ನಡಕ ತೆಗೆದರು. “ಕಟ್ಟದ ಹತ್ತಿರದ ಬಕ್ಕೆ ಹಲಸು ನಮ್ಮ ಪಾಲಿಗೆ ಬಂದದ್ದು ಅಂತ ಇದೆಯಲ್ಲ! ಮತ್ತೆ ಇಷ್ಟು ವರ್ಷ ಹಣ್ಣು ಕೊಯ್ದವರು ಅವರು?”