ಎರಡನೇ ಚಾಯ್ಸ್ ಒತ್ತೋ ಮುಂಚೆ

ಸಿಇಟಿ ಸೀಟು ಸಿಕ್ಕಮೇಲೆ ಒಂದನೇ ಚಾಯ್ಸ್ ಅಂದ್ರೆ ಸೇರೋದು. ಎರಡನೇದು, ಈ ಸೀಟು ಇರಲಿ, ಮೇಲಿನ ಆಪ್ಷನ್‌ಗೂ ಕಾಯ್ತೀವಿ ಅನ್ನೋದು. ಎಡವೋದು ಇಲ್ಲೇ. ಮೇಲಿನದು ಸಿಕ್ಕರೆ ಕೈಲಿದ್ದ ಸೀಟು ತಾನಾಗೇ ರದ್ದು. ಎರಡನ್ನೂ ಎದುರಿಗಿಟ್ಟು ಆರಿಸೋಕೆ ಆಗಲ್ಲ. ನಿಜವಾದ ಆಯ್ಕೆ ಆಪ್ಷನ್ ಪಟ್ಟಿಯಲ್ಲೇ ಮುಗಿದಿರುತ್ತೆ.

ನಾವು ಭಂಕೂರಿನವರು. 371(ಜೆ) ಪ್ರಕಾರ ನಮ್ಮ ಭಾಗದ ಕಾಲೇಜುಗಳ ಸರ್ಕಾರಿ ಕೋಟಾದಲ್ಲಿ ಶೇ. 70 ಸ್ಥಳೀಯರಿಗೆ, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8. ಅದಕ್ಕೇ ಕಲಬುರಗಿಯ ಪಿಡಿಎ ಜೊತೆ 1917ರ ಯುವಿಸಿಇ ಆಸೆಯೂ ಇತ್ತು. ಪಿಡಿಎ ಕಂಪ್ಯೂಟರ್ ಸೈನ್ಸ್ ಮೇಲೆ ಬೆಂಗಳೂರಿನ ಯಾವುದೋ ಸಿವಿಲ್ ಸೀಟನ್ನೂ ಸುಮ್ಮನೆ ಬರೆದಿದ್ವಿ. ಅಣಕು ಹಂಚಿಕೆ ದಿನ ಅಪ್ಪ ಪಟ್ಟಿ ನೋಡಿ, 'ಇದು ಬಂದ್ರ ಹೋಗ್ತೀಯೇನು?' ಅಂದ್ರು. ಉತ್ತರ ಇರಲಿಲ್ಲ. ಆ ಸಾಲು ಅಳಿಸಿದ್ವಿ. ಮೊದಲ ಸುತ್ತಲ್ಲಿ ಪಿಡಿಎ ಬಂದಾಗ ಮೇಲೆ ಉಳಿದಿದ್ದು ಯುವಿಸಿಇ ಒಂದೇ. ಧೈರ್ಯವಾಗಿ ಎರಡನೇ ಚಾಯ್ಸ್ ಒತ್ತಿದ್ವಿ.