404 ಬಂದರೆ ಕೋಡ್ ಮುಟ್ಟಬೇಡಿ, ಮೊದಲು ಜಾಡು ಹಿಡಿಯಿರಿ

ಜಾವಾ ಪ್ರಾಜೆಕ್ಟ್ ಸಲೀಸಾಗಿ ಕಂಪೈಲ್ ಆಗಿದೆ. ಟಾಮ್‌ಕ್ಯಾಟ್ ಕೂಡ ತಕರಾರಿಲ್ಲದೆ ಶುರುವಾಗಿದೆ. ಬ್ರೌಸರ್‌ನಲ್ಲಿ ವಿಳಾಸ ಕೊಟ್ಟರೆ ಮಾತ್ರ 404. ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡುವವರಿಂದ ಹಿಡಿದು ಕಚೇರಿಯ ಸರ್ವರ್ ನೋಡಿಕೊಳ್ಳುವವರವರೆಗೆ ಎಲ್ಲರಿಗೂ ಇದು ಎದುರಾಗುತ್ತದೆ. ಆಗ ಸಾಮಾನ್ಯವಾಗಿ ನಡೆಯುವುದೇನು? ವೆಬ್.ಎಕ್ಸ್‌ಎಂಎಲ್ ತೆರೆದು ಯುಆರ್‌ಎಲ್ ಪ್ಯಾಟರ್ನ್ ಬದಲಿಸುವುದು, ರೀಸ್ಟಾರ್ಟ್ ಮಾಡುವುದು, ಬರದಿದ್ದರೆ ಮತ್ತೆ ಬದಲಿಸುವುದು. ಕೊನೆಗೆ ಬೇಸತ್ತು “/*” ಹಾಕಿದಾಗ ಪುಟ ಬಂದಂತೆ ಕಾಣುತ್ತದೆ. ಅದರ ಬೆನ್ನಿಗೇ ಚಿತ್ರಗಳೂ ಸಿಎಸ್‌ಎಸ್ ಕೂಡ ಮಾಯವಾಗುತ್ತವೆ.

404 ತಿಳಿಸುವುದು ಇಷ್ಟೇ: ಈ ವಿಳಾಸಕ್ಕೆ ಕೊಡಲು ಏನೂ ಸಿಗಲಿಲ್ಲ. ಯಾರಿಗೆ ಸಿಗಲಿಲ್ಲ ಎಂಬುದನ್ನು ಅದು ಹೇಳುವುದಿಲ್ಲ. ರಿಕ್ವೆಸ್ಟ್ ಒಂದು ಎಂಜಿನ್‌ಎಕ್ಸ್, ಟಾಮ್‌ಕ್ಯಾಟ್, ಅಪ್ಲಿಕೇಶನ್, ಫಿಲ್ಟರ್, ಸರ್ವ್‌ಲೆಟ್, ಅದರೊಳಗಿನ ಕಂಟ್ರೋಲರ್ ಎಂದು ಒಂದೊಂದೇ ಬಾಗಿಲು ದಾಟಬೇಕು. ಯಾವ ಬಾಗಿಲಲ್ಲಿ ನಿಂತರೂ ಹೊರಗೆ ಕಾಣುವುದು ಅದೇ ಮೂರು ಅಂಕಿ. ಎಲ್ಲಿ ನಿಂತಿತೆಂದು ಗೊತ್ತಾಗುವವರೆಗೆ ಒಂದು ಸಾಲನ್ನೂ ತಿದ್ದಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಉದಾಹರಣೆಗೆ ಒಂದು ಗ್ರಂಥಾಲಯದ ಅಪ್ಲಿಕೇಶನ್ ಇಟ್ಟುಕೊಳ್ಳೋಣ. ವಾರ್ ಫೈಲಿನ ಹೆಸರು “ಗ್ರಂಥಾಲಯ”. ಅದರೊಳಗಿನ ಒಂದು ಸರ್ವ್‌ಲೆಟ್‌ನ ವಿಳಾಸ “/ಪುಸ್ತಕ”. ಹೆಸರುಗಳನ್ನು ಕನ್ನಡದಲ್ಲೇ ಕೊಟ್ಟಿದ್ದೇನೆ. ಟಾಮ್‌ಕ್ಯಾಟ್ ಇವನ್ನು ಒಪ್ಪಿಕೊಳ್ಳುತ್ತದೆ. ಹಾಗೆ ಕೊಟ್ಟಾಗ ಬರುವ ತೊಡಕುಗಳನ್ನು ಮುಂದೆ ನೋಡೋಣ.

ರಿಕ್ವೆಸ್ಟ್ ತಲುಪಿತೇ?

ಟಾಮ್‌ಕ್ಯಾಟ್‌ನ ಲಾಗ್ಸ್ ಫೋಲ್ಡರ್‌ನಲ್ಲಿ ದಿನಕ್ಕೊಂದರಂತೆ ಆಕ್ಸೆಸ್ ಲಾಗ್ ಫೈಲ್ ಇರುತ್ತದೆ. ಪುಟ ತೆರೆದು ಅದರ ಕೊನೆಯ ಸಾಲು ನೋಡಿ. ಸಾಲು ತಕ್ಷಣ ಬೀಳದಿದ್ದರೆ ಗಾಬರಿ ಬೇಡ, ಟಾಮ್‌ಕ್ಯಾಟ್ ಇವನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡು ಬರೆಯುತ್ತದೆ. ಸಾಲು ಬರಲೇ ಇಲ್ಲವೆಂದರೆ ರಿಕ್ವೆಸ್ಟ್ ಟಾಮ್‌ಕ್ಯಾಟ್‌ವರೆಗೆ ಬಂದೇ ಇಲ್ಲ. ಪ್ಯಾಟರ್ನ್ ತಿದ್ದಿ ಪ್ರಯೋಜನವಿಲ್ಲ.

ಸಾಲು ಇದ್ದರೆ ಅದರಲ್ಲಿರುವ ವಿಳಾಸವನ್ನು ಅಕ್ಷರ ಅಕ್ಷರ ಓದಿ. ನೀವು ಬ್ರೌಸರ್‌ನಲ್ಲಿ ಕೊಟ್ಟಿದ್ದು “/ಗ್ರಂಥಾಲಯ/ಪುಸ್ತಕ”, ಲಾಗ್‌ನಲ್ಲಿ ಬಂದಿದ್ದು ಬರೀ “/ಪುಸ್ತಕ” ಎಂದಾದರೆ ನಡುವೆ ಇರುವ ಎಂಜಿನ್‌ಎಕ್ಸ್ ಮುಂದಿನ ಭಾಗವನ್ನು ಕತ್ತರಿಸಿದೆ. ಪ್ರಾಕ್ಸಿ ಪಾಸ್ ಸಾಲಿನಲ್ಲಿ ಪೋರ್ಟ್ ಸಂಖ್ಯೆಯ ನಂತರ ಒಂದು ಓರೆಗೆರೆ ಇದೆಯೋ ಇಲ್ಲವೋ ಎಂಬುದರ ಮೇಲೆ ಇದು ನಿಂತಿದೆ. ಓರೆಗೆರೆ ಇದ್ದರೆ ಲೊಕೇಶನ್‌ಗೆ ಹೊಂದಿದ ಭಾಗ ಕಳಚಿ, ಅದರ ಜಾಗಕ್ಕೆ ಆ ಓರೆಗೆರೆ ಬರುತ್ತದೆ. ಇಲ್ಲದಿದ್ದರೆ ವಿಳಾಸ ಇದ್ದಂತೆಯೇ ಹೋಗುತ್ತದೆ. ಅನುಮಾನವಿದ್ದರೆ ಸರ್ವರ್ ಯಂತ್ರದಲ್ಲೇ ಕರ್ಲ್ ಬಳಸಿ ನೇರವಾಗಿ 8080ನೇ ಪೋರ್ಟ್‌ಗೆ ಕೇಳಿ. ಪರೀಕ್ಷೆಗೆ ಬ್ರೌಸರ್‌ಗಿಂತ ಕರ್ಲ್ ಮೇಲು. ಹಳೆಯ 301 ರೀಡೈರೆಕ್ಟನ್ನು ಬ್ರೌಸರ್ ನೆನಪಿಟ್ಟುಕೊಂಡು ಇವತ್ತಿಗೂ ಅಲ್ಲಿಗೇ ಕರೆದೊಯ್ಯುತ್ತಿರಬಹುದು.

ಅಪ್ಲಿಕೇಶನ್ ಎದ್ದಿದೆಯೇ?

ಟಾಮ್‌ಕ್ಯಾಟ್ ಮೊದಲು ನೋಡುವುದು ಕಾಂಟೆಕ್ಸ್ಟ್ ಪಾತ್, ಅಂದರೆ ಅಪ್ಲಿಕೇಶನ್‌ನ ಹೆಸರು. ವೆಬ್‌ಆಪ್ಸ್ ಫೋಲ್ಡರ್‌ಗೆ ಹಾಕಿದ ವಾರ್ ಫೈಲಿನ ಹೆಸರೇ ಕಾಂಟೆಕ್ಸ್ಟ್ ಪಾತ್ ಆಗುತ್ತದೆ. ರೂಟ್ ಎಂಬ ಹೆಸರನ್ನು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಕೊಟ್ಟರೆ ಮಾತ್ರ ಹೆಸರಿಲ್ಲದೆ ನೇರವಾಗಿ ತೆರೆಯುತ್ತದೆ. ಇಂಗ್ಲಿಷ್ ಹೆಸರಾದರೆ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ. ವಿಂಡೋಸ್‌ನಲ್ಲಿ ಫೈಲ್ ಹೆಸರಿಗೆ ಆ ಭೇದವಿಲ್ಲದಿದ್ದರೂ ವಿಳಾಸಕ್ಕೆ ಇದೆ. ಎಕ್ಲಿಪ್ಸ್ ಬಳಸುವವರು ಪ್ರಾಜೆಕ್ಟ್ ಹೆಸರನ್ನೇ ವಿಳಾಸ ಎಂದುಕೊಳ್ಳುತ್ತಾರೆ. ಪ್ರಾಜೆಕ್ಟ್‌ಗೆ ಹೊಸ ಹೆಸರಿಟ್ಟರೂ ವೆಬ್ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಹಳೆಯ ಕಾಂಟೆಕ್ಸ್ಟ್ ರೂಟ್ ಉಳಿದಿರಬಹುದು, ಒಮ್ಮೆ ನೋಡಿ.

ಹೆಸರು ಸರಿಯಿದ್ದೂ ಅಪ್ಲಿಕೇಶನ್‌ನ ಯಾವ ವಿಳಾಸವೂ ತೆರೆಯದಿದ್ದರೆ ಅದು ಏಳುವಾಗಲೇ ಬಿದ್ದಿರಬೇಕು. ಟಾಮ್‌ಕ್ಯಾಟ್ ನಡೆಯುತ್ತಲೇ ಇರುತ್ತದೆ, ಅಪ್ಲಿಕೇಶನ್ ಮಾತ್ರ ಇರುವುದಿಲ್ಲ. ಕ್ಯಾಟಲೀನಾ ಲಾಗ್‌ನಲ್ಲಿ “ಸ್ಟಾರ್ಟಪ್ ಫೇಲ್ಡ್” ಎಂಬ ಸಾಲು ಹುಡುಕಿ, ಅಲ್ಲಿಂದ ಮೇಲಕ್ಕೆ ಓದಿ. ಕಾರಣ ಪ್ಯಾಟರ್ನ್ ಕೂಡ ಆಗಿರಬಹುದು. ಮುಂದಿನ ಓರೆಗೆರೆ ಬಿಟ್ಟು ಬರೀ “ಪುಸ್ತಕ” ಎಂದು ಬರೆದರೆ ಅಥವಾ “/ಪುಸ್ತಕ/*.ಜೆಎಸ್‌ಪಿ” ಎಂಬ ಬೆರಕೆ ಪ್ಯಾಟರ್ನ್ ಕೊಟ್ಟರೆ ಟಾಮ್‌ಕ್ಯಾಟ್ ಅದನ್ನು ತಪ್ಪೆಂದು ತಳ್ಳಿಹಾಕಿ ಇಡೀ ಅಪ್ಲಿಕೇಶನ್ನನ್ನೇ ನಿಲ್ಲಿಸುತ್ತದೆ. ಎರಡು ಸರ್ವ್‌ಲೆಟ್‌ಗೆ ಒಂದೇ ಪ್ಯಾಟರ್ನ್ ಕೊಟ್ಟರೂ ಅಷ್ಟೇ.

ಇನ್ನು ಸದ್ದಿಲ್ಲದೆ ಕಾಡುವ ಒಂದು ತೊಂದರೆ. ಟಾಮ್‌ಕ್ಯಾಟ್ 10ರಿಂದ ಸರ್ವ್‌ಲೆಟ್ ಪ್ಯಾಕೇಜಿನ ಹೆಸರು ಜಾವಾಎಕ್ಸ್‌ನಿಂದ ಜಕಾರ್ತಾ ಆಗಿದೆ. ಹಳೆಯ ಪಠ್ಯ ನೋಡಿ ಜಾವಾಎಕ್ಸ್ ಹೆಸರಿನ ವೆಬ್‌ಸರ್ವ್‌ಲೆಟ್ ಆನೊಟೇಶನ್ ಬರೆದು, ಹೊಸ ಟಾಮ್‌ಕ್ಯಾಟ್‌ಗೆ ಹಾಕಿದರೆ ಅದು ಆ ಆನೊಟೇಶನ್ನನ್ನು ಗುರುತಿಸುವುದೇ ಇಲ್ಲ. ದೋಷವೂ ಬರುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ, ಬರುವುದು 404 ಮಾತ್ರ. ಇಂಪೋರ್ಟ್ ಸಾಲುಗಳನ್ನು ಜಕಾರ್ತಾಗೆ ಬದಲಿಸಿ, ಇಲ್ಲವೇ ಟಾಮ್‌ಕ್ಯಾಟ್ 9 ಬಳಸಿ. ಮೂಲ ಕೋಡ್ ಕೈಯಲ್ಲಿಲ್ಲದ ವಾರ್ ಫೈಲಾದರೆ ವೆಬ್‌ಆಪ್ಸ್-ಜಾವಾಇಇ ಎಂಬ ಫೋಲ್ಡರ್‌ಗೆ ಹಾಕಿ, ಟಾಮ್‌ಕ್ಯಾಟ್ ತಾನೇ ಪರಿವರ್ತಿಸಿಕೊಳ್ಳುತ್ತದೆ. ವೆಬ್.ಎಕ್ಸ್‌ಎಂಎಲ್‌ನಲ್ಲಿ ಮೆಟಾಡೇಟಾ-ಕಂಪ್ಲೀಟ್ ಎಂಬುದು ಟ್ರೂ ಆಗಿದ್ದರೂ ಆನೊಟೇಶನ್‌ಗಳಿಗೆ ಇದೇ ಗತಿ.

ಟಾಮ್‌ಕ್ಯಾಟ್ ಆರಿಸುವ ಕ್ರಮ

ಅಪ್ಲಿಕೇಶನ್ ಸಿಕ್ಕ ಮೇಲೆ, ಕಾಂಟೆಕ್ಸ್ಟ್ ಪಾತ್ ಕಳೆದು ಉಳಿದ ಭಾಗಕ್ಕೆ ಸರ್ವ್‌ಲೆಟ್ ಹುಡುಕಾಟ ಶುರು. ಪ್ಯಾಟರ್ನ್‌ನಲ್ಲಿ ಕಾಂಟೆಕ್ಸ್ಟ್ ಹೆಸರನ್ನು ಮತ್ತೆ ಬರೆಯಬಾರದು ಎಂಬುದು ಇಲ್ಲಿಂದಲೇ ಗೊತ್ತಾಗುತ್ತದೆ. ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗಕ್ಕೂ ಈ ಹುಡುಕಾಟದಲ್ಲಿ ಸ್ಥಾನವಿಲ್ಲ.

ಮೊದಲು ನೋಡುವುದು ತದ್ರೂಪ ಹೊಂದಿಕೆ. “/ಪುಸ್ತಕ” ಎಂಬ ಪ್ಯಾಟರ್ನ್ “/ಪುಸ್ತಕ”ಕ್ಕೆ ಮಾತ್ರ, ಕೊನೆಯಲ್ಲಿ ಓರೆಗೆರೆ ಸೇರಿದರೆ ಹೊಂದುವುದಿಲ್ಲ. ಅದು ಸಿಗದಿದ್ದರೆ “/*” ಎಂದು ಮುಗಿಯುವ ಪ್ಯಾಟರ್ನ್‌ಗಳಲ್ಲಿ ಅತಿ ಉದ್ದನೆಯದು. “/ಪುಸ್ತಕ/*” ಮತ್ತು “/ಪುಸ್ತಕ/ಹೊಸತು/*” ಎರಡೂ ಇದ್ದರೆ “/ಪುಸ್ತಕ/ಹೊಸತು/25” ಎರಡನೆಯದಕ್ಕೇ ಹೋಗುತ್ತದೆ, ವೆಬ್.ಎಕ್ಸ್‌ಎಂಎಲ್‌ನಲ್ಲಿ ಯಾವುದು ಮೊದಲಿದೆ ಎಂಬುದು ಲೆಕ್ಕಕ್ಕಿಲ್ಲ. “/ಪುಸ್ತಕ/*” ಬರೀ “/ಪುಸ್ತಕ”ಕ್ಕೂ ಹೊಂದುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಅದೂ ಇಲ್ಲವಾದರೆ “*.ಜೆಎಸ್‌ಪಿ” ಥರದ, ಫೈಲ್ ಬಾಲ ನೋಡುವ ಪ್ಯಾಟರ್ನ್. ಯಾವುದೂ ಹೊಂದದಿದ್ದರೆ ಕೊನೆಗೆ “/” ಎಂಬ ಡೀಫಾಲ್ಟ್ ಸರ್ವ್‌ಲೆಟ್. ಚಿತ್ರ, ಸಿಎಸ್‌ಎಸ್, ಎಚ್‌ಟಿಎಂಎಲ್ ಫೈಲ್ ಕೊಡುವುದು ಇದೇ. ಫೈಲ್ ಇಲ್ಲದಿದ್ದರೆ 404 ಹೇಳುವುದೂ ಇದೇ.

ಈ ನಾಲ್ಕರ ಆಚೆ ಬೇರೆ ನಕ್ಷತ್ರ ಚಿಹ್ನೆಗಳಿಲ್ಲ. “/ಪುಸ್ತಕ*” ಎಂದು ಬರೆದರೆ ಪುಸ್ತಕದಿಂದ ಶುರುವಾಗುವ ಎಲ್ಲವೂ ಬರುತ್ತದೆ ಎಂದುಕೊಳ್ಳುವುದು ಸಹಜ. ಆದರೆ ಟಾಮ್‌ಕ್ಯಾಟ್ ಆ ನಕ್ಷತ್ರವನ್ನೂ ಒಂದು ಮಾಮೂಲಿ ಅಕ್ಷರವೆಂದೇ ಓದುತ್ತದೆ. “/ಪುಸ್ತಕ/*/ವಿವರ” ಬರೆದರೂ ಇದೇ ಪಾಡು. ಮೊದಲಿನದರಂತೆ ನಕ್ಷತ್ರದಲ್ಲಿ ಮುಗಿಯುವುದನ್ನು ಕಂಡಾಗ ಲಾಗ್‌ನಲ್ಲಿ “ಸಸ್ಪಿಷಿಯಸ್ ಯುಆರ್‌ಎಲ್ ಪ್ಯಾಟರ್ನ್” ಎಂದು ಒಂದು ಮಾಹಿತಿ ಸಾಲು ಬರೆದು ಮುಂದೆ ಹೋಗುತ್ತದೆ. ದೋಷದ ಸಾಲುಗಳನ್ನಷ್ಟೇ ಹುಡುಕುವವರ ಕಣ್ಣಿಗೆ ಅದು ಬೀಳುವುದಿಲ್ಲ.

ಹಾಗಾದರೆ ನಮ್ಮ ವಿಳಾಸ ಯಾವ ನಿಯಮಕ್ಕೆ ಸಿಕ್ಕಿತು? ಸರ್ವ್‌ಲೆಟ್ 4.0 ಆವೃತ್ತಿಯಿಂದ, ಅಂದರೆ 2017ರಿಂದ, ಇದನ್ನು ಸರ್ವರನ್ನೇ ಕೇಳಬಹುದು. “/*”ಗೆ ಒಂದು ತಾತ್ಕಾಲಿಕ ಫಿಲ್ಟರ್ ಬರೆಯಿರಿ. ಅದರಲ್ಲಿ ರಿಕ್ವೆಸ್ಟ್ ಮೇಲೆ ಗೆಟ್‌ಎಚ್‌ಟಿಟಿಪಿಸರ್ವ್‌ಲೆಟ್‌ಮ್ಯಾಪಿಂಗ್ ಎಂಬ ಮೆಥಡ್ ಕರೆದು, ಅದು ಕೊಡುವ ಸರ್ವ್‌ಲೆಟ್ ಹೆಸರು, ಪ್ಯಾಟರ್ನ್, ಹೊಂದಿಕೆಯ ಬಗೆ ಮೂರನ್ನೂ ಲಾಗ್‌ಗೆ ಬರೆಸಿ. ಬಗೆಯ ಜಾಗದಲ್ಲಿ ಎಕ್ಸಾಕ್ಟ್, ಪಾತ್, ಎಕ್ಸ್‌ಟೆನ್ಶನ್, ಡೀಫಾಲ್ಟ್ ಅಥವಾ ಕಾಂಟೆಕ್ಸ್ಟ್ ರೂಟ್ ಎಂದು ಬರುತ್ತದೆ. “/ಪುಸ್ತಕ/25” ಕೇಳಿದಾಗ ಡೀಫಾಲ್ಟ್ ಎಂದು ಬಂದರೆ ನಿಮ್ಮ ಸರ್ವ್‌ಲೆಟ್‌ಗೆ ಅದು ಸಿಕ್ಕೇ ಇಲ್ಲ, ಪ್ಯಾಟರ್ನ್ ನೋಡಬೇಕು. ಪಾತ್ ಎಂದೂ ನಿಮ್ಮದೇ ಸರ್ವ್‌ಲೆಟ್ ಹೆಸರೂ ಬಂದು, ಆಮೇಲೂ 404 ಆದರೆ ಮ್ಯಾಪಿಂಗ್ ಸರಿಯಿದೆ, ಒಳಗಿನ ಕೋಡ್ ನೋಡಬೇಕು. ಗಂಟೆಗಟ್ಟಲೆ ಊಹೆ ಮಾಡುವುದನ್ನು ಈ ಫಿಲ್ಟರ್ ತಪ್ಪಿಸುತ್ತದೆ. ಕೆಲಸವಾದ ಮೇಲೆ ತೆಗೆದುಹಾಕಿ.

ಅಂದಹಾಗೆ, ನಿಮ್ಮ ಸರ್ವ್‌ಲೆಟ್‌ನ ವಿಳಾಸಕ್ಕೆ 405 ಬಂದರೆ ನೆಮ್ಮದಿಪಡಿ. ರಿಕ್ವೆಸ್ಟ್ ಸರ್ವ್‌ಲೆಟ್ ತಲುಪಿದೆ, ಗೆಟ್ ಕೇಳಿದ್ದಕ್ಕೆ ಡುಪೋಸ್ಟ್ ಮಾತ್ರ ಬರೆದಿದ್ದೀರಿ ಅಥವಾ ತಿರುವುಮುರುವಾಗಿದೆ ಎಂದರ್ಥ.

ನಕ್ಷತ್ರ ಇದ್ದರೂ ಕಷ್ಟ, ಇಲ್ಲದಿದ್ದರೂ

ಸ್ಪ್ರಿಂಗ್‌ನ ಡಿಸ್ಪ್ಯಾಚರ್‌ಸರ್ವ್‌ಲೆಟ್‌ಗೆ “/*” ಕೊಟ್ಟವರಿಗೆ ಏನಾಗುತ್ತದೆ ನೋಡಿ. ಕಂಟ್ರೋಲರ್ ಕೆಲಸ ಮುಗಿಸಿ ಜೆಎಸ್‌ಪಿಗೆ ಫಾರ್ವರ್ಡ್ ಮಾಡುತ್ತದೆ. ಫಾರ್ವರ್ಡ್ ಕೂಡ ಅದೇ ನಿಯಮಗಳಲ್ಲಿ ಮತ್ತೆ ಹೊಂದಿಕೆಯಾಗಬೇಕು. “/*” ಎಂಬುದು “*.ಜೆಎಸ್‌ಪಿ”ಗಿಂತ ಮೊದಲಿನ ಸಾಲಿನದು. ಹಾಗಾಗಿ ಜೆಎಸ್‌ಪಿಗೆ ಹೋಗಬೇಕಾದದ್ದು ತಿರುಗಿ ಡಿಸ್ಪ್ಯಾಚರ್ ಬಳಿಗೇ ಬಂದು, ಆ ಹೆಸರಿನ ಕಂಟ್ರೋಲರ್ ಇಲ್ಲವೆಂದು 404 ಆಗುತ್ತದೆ. ಕೈಬರಹದ ಸರ್ವ್‌ಲೆಟ್ ಆದರೆ ತನ್ನನ್ನು ತಾನೇ ಕರೆದುಕೊಳ್ಳುತ್ತಾ ಸ್ಟ್ಯಾಕ್ ಓವರ್‌ಫ್ಲೋ.

“/” ಕೊಟ್ಟರೆ ಜೆಎಸ್‌ಪಿ ಸಮಸ್ಯೆ ಇಲ್ಲ. ಆದರೆ ಟಾಮ್‌ಕ್ಯಾಟ್‌ನ ಡೀಫಾಲ್ಟ್ ಸರ್ವ್‌ಲೆಟ್‌ನ ಜಾಗ ನಿಮ್ಮದಾಗುತ್ತದೆ, ಜತೆಗೆ ಚಿತ್ರ, ಸಿಎಸ್‌ಎಸ್ ಕೊಡುವ ಹೊಣೆಯೂ ನಿಮ್ಮದೇ. ಸ್ಪ್ರಿಂಗ್‌ನಲ್ಲಿ ಡೀಫಾಲ್ಟ್ ಸರ್ವ್‌ಲೆಟ್ ಹ್ಯಾಂಡ್ಲರ್ ಅಥವಾ ರಿಸೋರ್ಸ್ ಹ್ಯಾಂಡ್ಲರ್ ಸೇರಿಸಿ. ಡಿಸ್ಪ್ಯಾಚರ್‌ಗೆ “/ಸೇವೆ/*” ಕೊಟ್ಟಿದ್ದರೆ ಕಂಟ್ರೋಲರ್‌ನಲ್ಲಿ “/ಸೇವೆ” ಮತ್ತೆ ಬರೆಯಬೇಡಿ. ಸ್ಪ್ರಿಂಗ್ 6ಕ್ಕೆ ಬದಲಾದ ಮೇಲೆ ಕೆಲವು ವಿಳಾಸ ಕೆಟ್ಟಿದ್ದರೆ ಕೊನೆಯ ಓರೆಗೆರೆ ನೋಡಿ. ಅದಿದ್ದರೂ ಇಲ್ಲದಿದ್ದರೂ ಒಂದೇ ಎಂಬ ಹಳೆಯ ರಿಯಾಯಿತಿ ಈಗ ತಾನಾಗಿ ಸಿಗುವುದಿಲ್ಲ.

ಲಾಗಿನ್ ಫಿಲ್ಟರ್‌ಗೆ “/*” ಕೊಟ್ಟು ಲಾಗಿನ್ ಪುಟವನ್ನೇ ಬಿಡುಗಡೆ ಮಾಡದಿದ್ದರೆ ರೀಡೈರೆಕ್ಟ್ ಸುತ್ತುತ್ತಲೇ ಇರುತ್ತದೆ. ಫಿಲ್ಟರ್‌ಗಳಲ್ಲಿ ಉತ್ತಮವಾದ ಒಂದನ್ನು ಆರಿಸುವ ಪದ್ಧತಿ ಇಲ್ಲ, ಹೊಂದಿದ್ದೆಲ್ಲ ಸರದಿಯಲ್ಲಿ ಓಡುತ್ತವೆ. ಫಾರ್ಮ್‌ನ ಆ್ಯಕ್ಷನ್ “/ಉಳಿಸು” ಎಂದಿದ್ದರೆ ಅದು ಕಾಂಟೆಕ್ಸ್ಟ್ ಬಿಟ್ಟು ಸರ್ವರ್‌ನ ಬುಡಕ್ಕೇ ಹೋಗುತ್ತದೆ. ಆ ವಿಳಾಸದ ಮೊದಲಿಗೆ ಗೆಟ್‌ಕಾಂಟೆಕ್ಸ್ಟ್‌ಪಾತ್ ಸೇರಿಸಿ.

ಕನ್ನಡ ವಿಳಾಸದ ಒಳಗುಟ್ಟು

ಕನ್ನಡ ವಿಕಿಪೀಡಿಯದ ಪುಟಗಳಿಗೆ ಕನ್ನಡದ ವಿಳಾಸಗಳಿವೆ, ನಮ್ಮ ಅಪ್ಲಿಕೇಶನ್‌ಗೂ ಇರಲಿ ಎನ್ನುವವರಲ್ಲಿ ನಾನೂ ಒಬ್ಬ. ಅದಕ್ಕೆ ಒಂದಷ್ಟು ಎಚ್ಚರ ಬೇಕು. ಬ್ರೌಸರ್ ಕನ್ನಡವನ್ನು ಯುಟಿಎಫ್-8ರಲ್ಲಿ ಶೇಕಡಾ ಚಿಹ್ನೆಗಳಾಗಿಸಿ ಕಳಿಸುತ್ತದೆ. “ಪುಸ್ತಕ” ಎಂಬುದರಲ್ಲಿ ಯುನಿಕೋಡ್ ಲೆಕ್ಕದಲ್ಲಿ 6 ಸಂಕೇತಗಳು, ಒಂದೊಂದಕ್ಕೆ 3 ಬೈಟ್, ಹಾಗಾಗಿ ಲಾಗ್‌ನಲ್ಲಿ 54 ಅಕ್ಷರಗಳ ಸಾಲು. ಟಾಮ್‌ಕ್ಯಾಟ್ 8ರಿಂದ ಈಚೆಗೆ ಯುಟಿಎಫ್-8 ಓದುವುದು ತಾನಾಗಿಯೇ ಆಗುತ್ತದೆ. ಅದಕ್ಕಿಂತ ಹಳೆಯದಾದರೆ ಸರ್ವರ್.ಎಕ್ಸ್‌ಎಂಎಲ್‌ನ ಕನೆಕ್ಟರ್‌ನಲ್ಲಿ ಯುಆರ್‌ಐ ಎನ್‌ಕೋಡಿಂಗ್ ಬರೆಯಬೇಕು. ವೆಬ್.ಎಕ್ಸ್‌ಎಂಎಲ್ ಫೈಲನ್ನೂ ಯುಟಿಎಫ್-8ರಲ್ಲೇ ಉಳಿಸಿ.

ಇಷ್ಟಾದರೂ ಕಣ್ಣಿಗೆ ಒಂದೇ ಆಗಿರುವ ಎರಡು ವಿಳಾಸಗಳಲ್ಲಿ ಒಂದು ತೆರೆದು ಇನ್ನೊಂದು 404 ಆಗಬಹುದು. “ಶೋಧ” ತೆಗೆದುಕೊಳ್ಳಿ. ಓತ್ವದ ದೀರ್ಘವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಬಿಡಿಸಿ ಮೂರು ಸಂಕೇತಗಳಾಗಿಯೂ ಬರೆಯಬಹುದು. ಮೊದಲನೆಯದರಲ್ಲಿ ಪದಕ್ಕೆ 9 ಬೈಟ್, ಎರಡನೆಯದರಲ್ಲಿ 15. ಪರದೆಯ ಮೇಲೆ ವ್ಯತ್ಯಾಸ ಕಾಣದು, ಟಾಮ್‌ಕ್ಯಾಟ್‌ಗೆ ಅವು ಎರಡು ಬೇರೆ ಪದಗಳು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಫೈಲ್ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು; ಅಲ್ಲಿಂದ ನಕಲಿಸಿದ ಹೆಸರು ಹೀಗೆ ಬರಬಹುದು. ಒತ್ತಕ್ಷರ ಆಗದಂತೆ ತಡೆಯಲು ಬಳಸುವ ಕಾಣದ ಸಂಕೇತದ್ದೂ ಇದೇ ಕಾಟ. ಪದದ ಕೊನೆಯಲ್ಲಿ ಅದೊಂದು ಉಳಿದುಬಿಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಆಕ್ಸೆಸ್ ಲಾಗ್‌ನಲ್ಲಿ ಮಾತ್ರ 3 ಬೈಟ್, ಅಂದರೆ 9 ಅಕ್ಷರ ಹೆಚ್ಚು. ಅನುಮಾನ ಬಂದಾಗ ತೆರೆಯುವ ವಿಳಾಸ, ತೆರೆಯದ ವಿಳಾಸ ಎರಡರ ಲಾಗ್ ಸಾಲನ್ನೂ ಒಂದರ ಕೆಳಗೊಂದು ಇಟ್ಟು ಉದ್ದ ಅಳೆಯಿರಿ.

ಪರಿಹಾರಕ್ಕೆ ಜಾವಾದಲ್ಲೇ ನಾರ್ಮಲೈಜರ್ ಎಂಬ ಕ್ಲಾಸ್ ಇದೆ. ಎಲ್ಲ ಪ್ಯಾಟರ್ನ್‌ಗಳನ್ನೂ ಅದರ ಎನ್‌ಎಫ್‌ಸಿ ರೂಪದಲ್ಲೇ ಬರೆದಿಡಿ. ಒಂದು ಫಿಲ್ಟರ್‌ನಲ್ಲಿ ಬಂದ ವಿಳಾಸವನ್ನು ಅದೇ ರೂಪಕ್ಕೆ ತಂದು, ಪದದ ಕೊನೆಯ ಕಾಣದ ಸಂಕೇತ ಕಳೆದು, ವ್ಯತ್ಯಾಸವಿದ್ದರೆ ಸರಿಯಾದ ವಿಳಾಸಕ್ಕೆ ರೀಡೈರೆಕ್ಟ್ ಮಾಡಿ. ಫಿಲ್ಟರ್ ಓಡುವ ಹೊತ್ತಿಗೆ ಸರ್ವ್‌ಲೆಟ್ ಆಯ್ಕೆ ಮುಗಿದಿರುತ್ತದೆ. ಆದ್ದರಿಂದ ಅಲ್ಲೇ ವಿಳಾಸ ತಿದ್ದಿ ಮುಂದಕ್ಕೆ ಬಿಟ್ಟರೆ ಸಾಲದು, ರೀಡೈರೆಕ್ಟ್ ಆಗಲೇಬೇಕು.